ಜಾಲಿ ಅಂಟಿನ ಲಕೋಟೆ

ಅಪ್ಪಾ,

ಕಾಗದದ ತಲೆಯಲ್ಲಿ ತೀರ್ಥರೂಪು ಎಂದು ಬರೆಯಬೇಕೆಂದು ಕಲಿಸಿದವನು ನೀನೇ. ಇವತ್ತು ಆ ಮಾತು ಬರೆಯಲು ಕೈ ಬರುತ್ತಿಲ್ಲ. ನೀನು ಹೋಗಿ ವರ್ಷ ತುಂಬಿದ ಮೇಲೆ, ನಿನ್ನ ತಗಡಿನ ಟ್ರಂಕು ಖಾಲಿ ಮಾಡಿಕೊಡು ಎಂದು ಅವ್ವ ಗಂಡನ ಮನೆ ಕುರುಗೋಡಿನಿಂದ ನನ್ನನ್ನು ಕರೆಸಿಕೊಂಡಳು. ತಳದಲ್ಲಿ, ಹಳೆಯ ಪಂಚಾಂಗಗಳ ಕೆಳಗೆ, ನನ್ನ ಲಕೋಟೆ ಇತ್ತು. ಮೇಲೆ ನನ್ನ ಅಕ್ಷರ, ಅಂಚಿನಲ್ಲಿ ನಾನೇ ಹಚ್ಚಿದ ಜಾಲಿ ಅಂಟಿನ ಕಂದು ಕಲೆ. ಬಹಳ ನಾಜೂಕಾಗಿ ಬಿಚ್ಚಿದ್ದೆ ನೀನು. ಒಂದು ಕಡೆಯೂ ಹರಿದಿರಲಿಲ್ಲ.

ನನಗೆ ಎಂಟು ವರ್ಷವಿರಬೇಕು, ನೀನು ಪಾಟಿಯ ಮೇಲೆ ಒಂದು ಸಾಲು ಬರೆದು ಕೊಟ್ಟೆ. ‘ಅವನ ಜನರ ನಡುವೆ ಅಡಗಿ ಕುಳಿತ ಹುಡುಗಿ. ಮೂರು ಅಕ್ಷರ.’ ಹುಡುಗಿ ಅನ್ನುವುದು ಅರ್ಥ, ಉತ್ತರ ಸಾಲಿನೊಳಗೇ ಬಚ್ಚಿಟ್ಟುಕೊಂಡಿದೆ, ಒಂದರ ಪಕ್ಕ ಒಂದು ಅಕ್ಷರ ಬಿಡದೆ ಓದು ಎಂದೆ. ಅವನ, ಜನರ. ಮೊದಲಿನ ‘ಅ’ ಬಿಟ್ಟು ಬೆರಳಿಟ್ಟುಕೊಂಡು ಹೋದರೆ ವನಜ. ನನ್ನದೇ ಹೆಸರು! ನಿನ್ನ ಮಗ ಸೀನಣ್ಣನಿಗೂ ನೀನು ಹೇಳಿಕೊಟ್ಟೆ. ಅವನು ಪಾಟಿ ಒರೆಸಿಟ್ಟು ಹೊಳೆಗೆ ಓಡಿದ. ನಾನು ಅಂದಿನಿಂದ ಯಾವ ಸಾಲನ್ನೂ ಸುಮ್ಮನೆ ಓದಲಿಲ್ಲ.

ಯುದ್ಧದ ದಿನಗಳು ನೆನಪಿವೆಯೇ? ಕಾಗದಕ್ಕೆ ತತ್ವಾರ, ಬಳ್ಳಾರಿಯಿಂದ ಬರುತ್ತಿದ್ದ ವಾರಪತ್ರಿಕೆ ತೆಳ್ಳಗಾಗುತ್ತ ಹೋಯಿತು, ಪದಬಂಧ ಮಾತ್ರ ತಪ್ಪುತ್ತಿರಲಿಲ್ಲ. ಸಿರುಗುಪ್ಪದ ಮಗ್ಗುಲಿನ ನಮ್ಮ ಹಳ್ಳಿಗೆ ಸಾಲಿ ಮಾಸ್ತರನೂ ನೀನೇ, ಟಪಾಲಿನವನೂ ನೀನೇ. ಹಾಗಾಗಿ ಪತ್ರಿಕೆ ಮೊದಲು ನಮ್ಮ ಮನೆಯಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಯುಗಾದಿಗೆ ದೊಡ್ಡ ಸ್ಪರ್ಧೆ ಇಟ್ಟರು. ಗೆದ್ದವರಿಗೆ ದಪ್ಪನೆಯ ಶಬ್ದಕೋಶ. ಅದಕ್ಕಿಂತ ದೊಡ್ಡದನ್ನು ನೀನು ಇಟ್ಟೆ.

"ಪದಬಂಧದ ಎಲ್ಲಾ ಮನಿ ಸರಿ ತುಂಬಿದಿ ಅಂದ್ರ ನಿನ್ನ ಬಳ್ಳಾರಿ ಹೈಸ್ಕೂಲಿಗೆ ಹಾಕ್ತೀನವ್ವ. ನನ್ನ ಮಾತು ಅಂದ್ರ ಮಾತು."

ಒಂದೇ ಒಂದು ಸುಳಿವು ಮೂರು ದಿನ ಕಾಡಿತು. ‘ಜನ ದಿಕ್ಕು ತಪ್ಪಿದಲ್ಲಿ ಹರಿಯುವ ನೀರು.’ ಕೆಂಚನಗುಡ್ಡದ ಸೋದರತ್ತೆಯ ಮನೆಗೆ ಹೋದಾಗ ಹೊಳೆ ದಂಡೆಯಲ್ಲಿ ಬಟ್ಟೆ ಹಿಂಡುತ್ತ ಅದನ್ನೇ ಗುನುಗುತ್ತಿದ್ದೆ. ಜನ, ದಿಕ್ಕು. ನದಿ! ಹಿಂಡುತ್ತಿದ್ದ ಸೀರೆ ಅಲ್ಲೇ ಬಿಟ್ಟು ಓಡಿ ಬಂದು ಬರೆದೆ. ಅತ್ತೆ ಬೈದದ್ದು ಕಿವಿಗೇ ಬೀಳಲಿಲ್ಲ. ಊರಿಗೆ ಬಂದು ಕೂಪನ್ ಮೇಲೆ ನನ್ನ ಹೆಸರು ಬರೆದು, ಲಕೋಟೆಗೆ ಹಾಕಿ, ಹಿತ್ತಲ ಜಾಲಿ ಮರದ ಅಂಟು ಹಚ್ಚಿ ನಿನ್ನ ಕೈಗೆ ಕೊಟ್ಟೆ. ನೀನು ನನ್ನೆದುರೇ ಮುದ್ರೆ ಒತ್ತಿದೆ. ಇಡೀ ಊರು ತನ್ನ ಕಾಗದಗಳನ್ನು ಹೀಗೇ ನಿನ್ನ ಕೈಗೆ ಕೊಡುತ್ತಿತ್ತು. ನೀನು ಯಾರದನ್ನೂ ಒಡೆದವನಲ್ಲ.

ಫಲಿತಾಂಶ ಬಂದ ದಿನ ಪತ್ರಿಕೆಯನ್ನು ನೀನು ಮಡಚಿಕೊಂಡೇ ಒಳಗೆ ತಂದೆ. ಎಲ್ಲ ಸರಿ ತುಂಬಿದವರು ಒಬ್ಬರೇ. ಆದರೆ ಹೆಸರು ಶ್ರೀನಿವಾಸ. ನಮ್ಮ ಸೀನಣ್ಣ! ಚಂದಾ ಅವನ ಹೆಸರಿನಲ್ಲಿದೆ, ಪ್ರೆಸ್ಸಿನವರು ಅದನ್ನು ನೋಡಿ ಹಾಕಿದ್ದಾರೆ ಎಂದೆ ನೀನು. "ಮನಿ ಹೆಸರು ಬಂತಲ್ಲ, ಬಿಡವ್ವ" ಎಂದೂ ಅಂದೆ. ನಾನು ನಂಬಿದೆ. ಅಷ್ಟೆಲ್ಲ ಸುಳಿವು ಬಿಡಿಸಿದವಳು, ನೀನು ನನ್ನ ಮುಖ ನೋಡದೆ ಮಾತಾಡಿದ್ದನ್ನು ಯಾಕೆ ಗಮನಿಸಲಿಲ್ಲ? ಗೆದ್ದವನ ಹೆಸರಿನ ಹಿಂದೆಯೇ ಹೈಸ್ಕೂಲೂ ಹೋಯಿತು. ಜೂನಿನಲ್ಲಿ ಸೀನಣ್ಣ ಬಳ್ಳಾರಿಗೆ, ಮುಂದಿನ ಮಾಘದಲ್ಲಿ ನಾನು ಕುರುಗೋಡಿಗೆ ಸೊಸೆಯಾಗಿ. ಆ ಶಬ್ದಕೋಶವನ್ನು ಅಣ್ಣ ಅಂಗಿಯ ಮಡಿಕೆ ಕೂರಿಸಲು ಇಟ್ಟುಕೊಂಡಿದ್ದನ್ನು ನಾನೇ ಕಂಡೆ.

ಲಕೋಟೆ ಹಿಡಿದು ಅವ್ವನ ಮುಂದೆ ನಿಂತಾಗ ಅವಳು ಕಣ್ಣು ತಪ್ಪಿಸಿದಳು. ಅವಳಿಗೂ ಗೊತ್ತಿತ್ತು. ನನ್ನ ಕೂಪನ್ನನ್ನು ಲಕೋಟೆಯಲ್ಲೇ ಉಳಿಸಿ, ಬೇರೊಂದು ಪತ್ರಿಕೆಯ ಕೂಪನ್ನಿಗೆ ನನ್ನ ಉತ್ತರಗಳನ್ನು ಅಣ್ಣನ ಹೆಸರಿನಲ್ಲಿ ಬರೆದು ಕಳಿಸಿದ್ದೆಯಂತೆ.

"ಕುರುಗೋಡಿನೋರು ಆಗಲೇ ನೋಡಿ ಹೋಗಿದ್ರು. ಹುಡುಗಿ ಹೆಸರು ಪೇಪರಿನ್ಯಾಗ ಬಂದ್ರ ಬ್ಯಾಡ ಅಂತಾರ ಅಂತ ಹೆದರಿದ್ರವ್ವ ನಿಮ್ಮಪ್ಪ."

ಅಪ್ಪ, ಇದನ್ನು ಕೇಳು. ಮದುವೆಯಾದ ಹೊಸತರಲ್ಲಿ ನಿನ್ನ ಅಳಿಯ ಪೆಟ್ಟಿಗೆಯಿಂದ ಪತ್ರಿಕೆಯ ಒಂದು ತುಣುಕು ತೆಗೆದು ತೋರಿಸಿದ್ದ. ಅದೇ ಫಲಿತಾಂಶ. ಅವನೂ ಆ ಪದಬಂಧಕ್ಕೆ ತಿಣುಕಿ ನದಿಯ ಸುಳಿವಿನ ಹತ್ತಿರವೇ ಸೋತವನು. ಅಂಥ ಬುದ್ಧಿವಂತನ ತಂಗಿ ಎಂದೇ ನನ್ನನ್ನು ಒಪ್ಪಿಕೊಂಡದ್ದಾಗಿ ಹೇಳಿ ನಕ್ಕ. ನಾನೂ ನಕ್ಕೆ. ನೀನು ಯಾರಿಗೆ ಹೆದರಿ ನನ್ನ ಹೆಸರು ತೆಗೆದೆಯೋ ಅವನು ಆ ಗೆಲುವಿಗಾಗಿಯೇ... ಒಂದು ಸಾರಿ ಅವನನ್ನೇ ಕೇಳಿ ನೋಡಬಾರದಿತ್ತೇ? ಹೋಗಲಿ, ಒಡೆಯುವ ಮುಂಚೆ ನನ್ನನ್ನಾದರೂ ಕೇಳಬಾರದಿತ್ತೇ? ಹೈಸ್ಕೂಲು ತಪ್ಪಿದ್ದನ್ನು ನುಂಗಿಕೊಂಡೇನು. ಪ್ರೆಸ್ಸಿನವರ ತಪ್ಪು ಎಂದೆಯಲ್ಲ, ಅದನ್ನು ನುಂಗಲು ಆಗುತ್ತಿಲ್ಲ.

ಹೋದ ತಿಂಗಳು ಸೀನಣ್ಣ ಬಸ್ಸು ಹತ್ತಿ ಕುರುಗೋಡಿಗೆ ಬಂದ. ಬಳ್ಳಾರಿಯಲ್ಲಿ ಗುಮಾಸ್ತನಾಗಿದ್ದಾನೆ, ನಿನಗೇ ಗೊತ್ತು. ಕೈಯಲ್ಲಿ ಆ ಪತ್ರಿಕೆಯ ಸಂಪಾದಕರ ಕಾಗದ. ಅಂದು ಗೆದ್ದವರು ನೀವು, ಇನ್ನು ಮುಂದೆ ವಾರಕ್ಕೊಂದು ಪದಬಂಧ ನೀವೇ ಮಾಡಿಕೊಡಿ ಎಂದು ಕೇಳಿದ್ದಾರೆ. ಕಾಫಿ ಲೋಟ ಪಕ್ಕಕ್ಕೆ ಸರಿಸಿ ಅಣ್ಣ ಕಾಗದವನ್ನು ನನ್ನತ್ತ ನೂಕಿದ.

"ಸುಳಿವು ನೀ ಬರಿ, ಹೆಸರು ನಂದಿರಲಿ ತಂಗಿ. ಈಗ ನಾನಲ್ಲ ಅಂದ್ರ ಅಪ್ಪನ ಮರ್ಯಾದಿ ಏನಾಗ್ತೈತಿ?"

ಒಳಗೆ ಹೋಗಿ ಲಕೋಟೆ ತಂದು ಅಲ್ಲೇ ಕೂತಿದ್ದ ಗಂಡನ ಮುಂದಿಟ್ಟೆ. ಅವನು ಕೂಪನ್ನನ್ನು ಬಿಡಿಸಿ, ನದಿ ಎಂದು ಬರೆದ ಮನೆಗಳ ಮೇಲೆ ಬೆರಳಿಟ್ಟು, ಮೇಲಿದ್ದ ನನ್ನ ಹೆಸರನ್ನು ಓದಿದ.

"ಇಷ್ಟು ವರ್ಷ ನಾ ಹೊಗಳಿದ್ದು ನಿನ್ನನ್ನೇನು?" ಎಂದ.

ಅಣ್ಣ ಊಟಕ್ಕೂ ನಿಲ್ಲದೆ ಹೋದ. ಆಮೇಲೆ ಬಂದಿಲ್ಲ. ನಿನ್ನ ಮರ್ಯಾದೆ ಕಾಯುವುದು ಇನ್ನು ನನ್ನ ಕೈಯಲ್ಲಿಲ್ಲ ಅಪ್ಪ. ಸಂಪಾದಕರಿಗೆ ನಡೆದದ್ದೆಲ್ಲ ಬರೆದೆ, ಜೊತೆಗೆ ಒಂದು ಪದಬಂಧ ಮಾಡಿ ಇಟ್ಟೆ, ಲಕೋಟೆಯನ್ನು ನಾನೇ ಹೋಗಿ ಟಪಾಲು ಡಬ್ಬಿಗೆ ಹಾಕಿದೆ. ಈ ವಾರದ ಪತ್ರಿಕೆ ನಿನ್ನೆ ಬಂತು. ಅಡ್ಡ ಸಾಲಿಗೂ ಕೆಳ ಸಾಲಿಗೂ ಬೇಕಾದ ಸುಳಿವುಗಳನ್ನೆಲ್ಲ ನೀನು ಕಲಿಸಿದ ರೀತಿಯಲ್ಲೇ ಹೆಣೆದಿದ್ದೇನೆ. ಪಾಟಿಯ ಮೇಲೆ ಬರೆದುಕೊಟ್ಟೆಯಲ್ಲ, ಅವನ ಜನರ ನಡುವೆ ಅಡಗಿ ಕುಳಿತ ಹುಡುಗಿ, ಅದೊಂದನ್ನು ಮಾತ್ರ ಬಳಸಲಿಲ್ಲ. ಪದಬಂಧದ ಕೆಳಗೇ ಅವಳ ಹೆಸರು ಅಚ್ಚಾಗಿದೆ. ಇನ್ನು ಅದನ್ನು ಯಾರೂ ಹುಡುಕಬೇಕಾಗಿಲ್ಲ.

ವನಜ