ಬಾಣದ ಹಲಗೆಯ ವಿಚಾರ

ಅಲಕಾಪುರಿ, ವಡೋದರಾ
೧೩-೨-೨೦೦೪

ಚಿರಂಜೀವಿ ಅಳಿಯಂದಿರು ಅನಿರುದ್ಧ ಅವರಿಗೆ ಆಶೀರ್ವಾದಗಳು.

ಅಡುಗೆಮನೆಯಿಂದ ಪಡಸಾಲೆಗೆ ಪತ್ರ ಬರೆಯುವುದೇ ಎಂದು ನಗಬೇಡಿ. ಅತ್ತೆಯಾದವಳು ಅಳಿಯನೆದುರು ನಿಂತು ಮಾತಾಡುವ ರೂಢಿ ನಮ್ಮ ಮನೆತನದಲ್ಲಿಲ್ಲ. ಮಗಳು ಮೇದಿನಿಯ ಬಾಯಲ್ಲಿ ಹೇಳಿಸಿದರೆ ಧಾರವಾಡದ ನೆಂಟರವರೆಗೆ ಫೋನ್ ಹೋಗುತ್ತದೆ. ಅದಕ್ಕೇ ಇದನ್ನು ನಿಮ್ಮ ಟಿಫಿನ್ ಡಬ್ಬಿಯ ಕೆಳಗಿಟ್ಟಿದ್ದೇನೆ.

ನಿಮ್ಮ ನಗರಪಾಲಿಕೆಯವರು ಸೈಕಲ್ ದಾರಿ ಅಗೆದಿರುವುದರಿಂದ ಸೈಕಲ್ಲಿನವರೂ ನಡೆಯುವವರೂ ನಮ್ಮ ಓಣಿಯಿಂದ ಸುತ್ತಿ ಹೋಗಲೆಂದು ನೀವು ಮೂಲೆಯಲ್ಲಿ ಬಾಣದ ಹಲಗೆ ನೆಡಿಸಿದಿರಲ್ಲ, ಯೋಜನೆ ಚೆನ್ನಾಗಿದೆ. ಸೋಮವಾರ ಬೆಳಿಗ್ಗೆ ಕೋಲು ಹಿಡಿದ ಹಿರಿಯರೊಬ್ಬರು ಗೇಟಿನ ಮುಂದೆ ಹೋದರು, ನಮಸ್ಕರಿಸಿದೆ. ಹತ್ತು ನಿಮಿಷಕ್ಕೆ ಅವರೇ ಮತ್ತೆ ಬಂದರು. ಮೂರನೆಯ ಸಲ ನಮ್ಮ ಮೆಟ್ಟಿಲ ಮೇಲೆ ಕೂತು, "ಬೆಹನ್‌ಜೀ, ಯೇ ರಾಸ್ತಾ ಜಾತಾ ಕಹಾಂ ಹೈ?" ಎಂದು ಈ ದಾರಿ ಹೋಗುವುದಾದರೂ ಎಲ್ಲಿಗೆಂದು ಕೇಳಿದರು. ನನಗೇನು ಗೊತ್ತು, ಚಹಾ ಕೊಟ್ಟೆ. ಅಷ್ಟರಲ್ಲಿ ಹಾಲಿನವನ ಸೈಕಲ್ಲೂ ಎರಡನೇ ಪ್ರದಕ್ಷಿಣೆ ಮುಗಿಸಿತ್ತು.

ಗಾಳಿಗೆ ಬಾಣ ತಿರುಗಿತೋ ಏನೋ, ಮಂಗಳವಾರದಿಂದ ಯಾರೂ ಎರಡನೇ ಸಲ ಕಾಣಿಸಿಲ್ಲ. ನಿನ್ನೆ ನಿಮ್ಮ ಮೇಲಧಿಕಾರಿಗಳು ಬಂದು ನೋಡಿ, ಒಬ್ಬರೂ ದಾರಿ ತಪ್ಪುತ್ತಿಲ್ಲವೆಂದು ನಿಮ್ಮ ಬೆನ್ನು ತಟ್ಟಿದರಂತೆ. ಮೇದಿನಿ ಹೇಳಿದಳು, ಕೇಳಿ ಸಂತೋಷವಾಯಿತು. ಆ ಮಾತು ಹಾಗೇ ಇರಲಿ.

ಸಂಜೆ ಬರುವಾಗ ಒಂದು ಬಾಟಲಿ ಸೀಮೆಎಣ್ಣೆ ತನ್ನಿ. ನಿಮ್ಮ ಹಲಗೆಯ ಹಳದಿ ಬಣ್ಣ ಸೋಮವಾರ ಇನ್ನೂ ಒಣಗಿರಲಿಲ್ಲ. ನನ್ನ ಇಳಕಲ್ ಸೀರೆಯ ಸೆರಗಿಗೆ ಹತ್ತಿದ್ದು ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ.

ಇಂತಿ ನಿಮ್ಮ ಅತ್ತೆ,
ಮಂದಾಕಿನಿ