ಹಳ್ಳದ ಮೇಲೆ ಒಂದೂವರೆ ಅಡಿ

ಚಿಗವ್ವಾ,

ಕುಷ್ಟಗಿಯ ಟೈರ್ ಅಂಗಡಿಯ ಮಾಳಿಗೆಯ ಮೇಲೆ ಎರಡು ಕಂಪ್ಯೂಟರ್, ಒಂದು ಕುಂಟು ಫ್ಯಾನಿನೊಂದಿಗೆ ವಿರಾಜಮಾನವಾಗಿರುವ ನಿನ್ನ ರಸ್ತೆ ವಿನ್ಯಾಸ ಸಾಮ್ರಾಜ್ಯದ ಏಕೈಕ ವಾರಸುದಾರಳೂ ನಿನ್ನ ಅಕ್ಕನ ಮಗಳೂ ಆದ ನಾನು ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ... ಇಷ್ಟು ಬರೆದು ನಿಲ್ಲಿಸಿದೆ. ನೀನಿದ್ದಿದ್ದರೆ ಇಷ್ಟಕ್ಕೇ ನಕ್ಕು, "ಏ ಕಪಿ, ಮೊದ್ಲ ಸುದ್ದಿ ಹೇಳು" ಅನ್ನುತ್ತಿದ್ದೆ. ಈಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಎದುರಿಗೆ ನಗುವವರಿಲ್ಲದಾಗ ಗಾಂಭೀರ್ಯ ನಟಿಸುವುದು ಎಷ್ಟು ಕಷ್ಟ ಗೊತ್ತೇನು?

ನೀನು ಮೊದಲ ಪಾಠ ಹೇಳಿದ ದಿನ ತೆರೆಯ ಮೇಲೆ ಶ್ರೀರಾಮನಗರದ ಕಡೆಯ ಕಾಲುವೆ ದಂಡೆಯ ರಸ್ತೆಯಿತ್ತು. "ರಸ್ತಿಗೆ ಎರಡು ಚಿತ್ರ ಅದಾವ. ಮ್ಯಾಲಿಂದ ನೋಡಿದ್ರ ಹಾವು, ಬಾಜೂಕಿಂದ ನೋಡಿದ್ರ ಒಂಟಿ ಬೆನ್ನು" ಅಂದೆ. ಹಾವು ಅಂದರೆ ಅಲೈನ್‌ಮೆಂಟ್, ಎಡಕ್ಕೆ ಬಲಕ್ಕೆ ಎಲ್ಲಿ ಹೊರಳಬೇಕೆಂಬುದು. ಒಂಟೆಯ ಬೆನ್ನು ಪ್ರೊಫೈಲ್, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕೆಂಬುದು. ಎರಡನ್ನೂ ಒಂದೊಂದೇ ಗೆರೆಯಾಗಿ ಎಳೆದು ಬೇಸತ್ತು ನೀನೊಂದು ಪ್ರೋಗ್ರಾಮು ಬರೆದಿದ್ದೆ. ಸರ್ವೆಯ ಅಂಕಿಗಳನ್ನು ಉಣಿಸಿದರೆ ಸಾಕು, ತಿರುವು ಏರಿಳಿತಗಳನ್ನು ಅದೇ ಗೀಚಿಕೊಳ್ಳುತ್ತಿತ್ತು. ಡಿಪ್ಲೊಮಾ ಮುಗಿಸಿಯೂ ಮನೆಯಲ್ಲಿ ಎಲ್ಲರ ಕಾಲೆಳೆಯುತ್ತ ಕೂತಿದ್ದ ನನಗೆ ಅವತ್ತು ಮೊದಲ ಬಾರಿ ಏನನ್ನಾದರೂ ನೆಟ್ಟಗೆ ಕಲಿಯಬೇಕು ಅನ್ನಿಸಿತು.

ಆ ಪ್ರೋಗ್ರಾಮಿಗೆ ಎಚ್ಚರಿಕೆಯ ಮಾತುಗಳನ್ನು ಬರೆಯುವ ಕೆಲಸ ನನಗೆ ಕೊಟ್ಟಾಗ ನಿನ್ನ ಬುದ್ಧಿ ಎಲ್ಲಿತ್ತು? ತಿರುವು ತೀರಾ ಇಕ್ಕಟ್ಟಾದರೆ ತೆರೆಯ ಮೇಲೆ ಮೂಡುತ್ತಿತ್ತು: ‘ಸ್ವಸ್ತಿ. ಪ್ರಭುಗಳು ಅಪ್ಪಣೆ ಕೊಡಿಸಿದ ಈ ತಿರುವಿನಲ್ಲಿ ಎತ್ತಿನ ಬಂಡಿಯೂ ಹೊರಳಲಾರದೆಂದು ಸೇವಕನು ಭಯಭಕ್ತಿಯಿಂದ ಬಿನ್ನವಿಸುತ್ತಾನೆ.’ ಅದು ಕೊಪ್ಪಳದಿಂದ ಬಂದಿದ್ದ ಇಂಜಿನಿಯರ್ ಸಾಹೇಬರ ಎದುರಿಗೇ ಮೂಡಬೇಕೆ? ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡು ನೀರು ತರುವ ನೆಪದಲ್ಲಿ ಹೊರಗೆ ಓಡಿದೆ. ನಾನು ಮಾತ್ರ ಆ ಸೇವಕನಷ್ಟೇ ಭಯಭಕ್ತಿಯಿಂದ ನಿಂತಿದ್ದೆ.

ನಿನ್ನ ತವರೂರಿನ ರಸ್ತೆಯ ಕೆಲಸ ಬಂದ ದಿನ ನೀನು ನಗಲಿಲ್ಲ. ಯಲಬುರ್ಗಾ ಸೀಮೆಯ ಆ ಊರಿಗೆ ಅಡ್ಡಲಾಗಿ ಹಳ್ಳ. ಮೇಲಿನ ಊರುಗಳಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ನುಗ್ಗುತ್ತದೆ. ಹೈಸ್ಕೂಲು ಹಳ್ಳದಾಚೆ. ಹುಡುಗರಾದರೆ ಎಲ್ಲೋ ಗುಡಿಯಲ್ಲಿ ಉಳಿದು ಬರುತ್ತಾರೆ, ಹುಡುಗಿಯರನ್ನು ಏಳನೆಯ ತರಗತಿಗೇ ಬಿಡಿಸುತ್ತಾರೆ. ನೀನು ಬೀಗರ ಮನೆಯಲ್ಲಿ ಪಾತ್ರೆ ತೊಳೆದುಕೊಂಡು ಓದಿದೆ. ನನ್ನವ್ವ ಬಿಟ್ಟಳು. ಅದಕ್ಕೇ ನೀನು ಪ್ರೊಫೈಲಿನಲ್ಲಿ ಹಳ್ಳದ ಮೇಲೆ ರಸ್ತೆಯನ್ನು ಎತ್ತರಿಸಿ, ಕೆಳಗೆ ದೊಡ್ಡ ಕೊಳವೆಗಳನ್ನು ಕೂಡಿಸಿದ್ದೆ. ಸಾಹೇಬರು ಒಂದೂವರೆ ಅಡಿ ಇಳಿಸಲು ಹೇಳಿದರು. ಹಳ್ಳಿಯ ರಸ್ತೆ, ನೀರು ಮೇಲೆ ಹರಿದರೆ ಹರಿಯಲಿ, ಇಳಿದ ಮೇಲೆ ದಾಟುತ್ತಾರೆ ಎಂಬುದು ಅವರ ವಾದ.

"ಇಳೀತೈತ್ರಿ ಸರ್. ಅದು ಇಳಿಯೂದ್ರಾಗ ಹುಡುಗಿ ಲಗ್ನ ಆಗಿರ್ತೈತಿ" ಅಂದೆ ನೀನು.

ಅವರು ಒಪ್ಪಲಿಲ್ಲ. ನೀನು ಇಳಿಸಿಕೊಟ್ಟೆ. ಆ ದಿನ ಊಟದ ಡಬ್ಬಿ ತೆರೆಯಲೇ ಇಲ್ಲ.

ಜ್ವರ ಎಂದು ಕೊಪ್ಪಳದ ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ, ಮಂಚಕ್ಕೆ ನೇತುಹಾಕಿದ್ದ ಜ್ವರದ ನಕ್ಷೆಯನ್ನು ಕೈಗೆತ್ತಿಕೊಂಡು ನಾನು ತೀರ್ಪು ಕೊಟ್ಟಿದ್ದೆ: ಪ್ರೊಫೈಲ್ ಸರಿಯಿಲ್ಲ, ಏರು ತೀರಾ ಕಡಿದು, ವಾಹನ ಸಂಚಾರಕ್ಕೆ ಯೋಗ್ಯವಲ್ಲ. ನೀನು ಕಣ್ಣು ಮುಚ್ಚಿಕೊಂಡೇ ನಕ್ಕೆ. ಆಮೇಲೆ ಇಳಿಯಿತು, ಚಿಗವ್ವಾ. ಜ್ವರ ಒಂದೇ ಅಲ್ಲ, ಎಲ್ಲವೂ...

ನಿನ್ನ ಕುರ್ಚಿಯಲ್ಲಿ ಕೂತ ಮೇಲೆ ನನಗೆ ಬಂದ ಮೊದಲ ಫೋನು ನಿನ್ನ ತವರೂರಿನ ರಸ್ತೆಯ ಮೇಸ್ತ್ರಿಯದು. ಗೂಟ ಹೊಡೆದು, ರಸ್ತೆ ಬರುವ ಎತ್ತರಕ್ಕೆ ಅವುಗಳ ಮೇಲೆ ಸುಣ್ಣದ ಗೆರೆ ಹಾಕಿದ್ದರಂತೆ. ಊರೊಳಗೆ ಗೆರೆ ಮನೆಗಳ ಹೊಸ್ತಿಲಿಗಿಂತ ಮೇಲೆ ಬರುತ್ತಿದೆಯಂತೆ. "ತೀರಿಹೋದ ಅಕ್ಕಾರ ಪ್ರೋಗ್ರಾಮು ತಪ್ಪೈತಿ ನೋಡವಾ. ಹಿಂಗಾದ್ರ ಮಳಿ ನೀರೆಲ್ಲ ಅಡಿಗಿಮನಿಗೆ ಹೊಕ್ಕಾವು" ಅಂದ. ನಿನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ನಡುನಡುವೆ ನನ್ನ ಸೇವಕನ ಬಿನ್ನಹಗಳು ಸಿಕ್ಕವು, ಒಂದನ್ನೂ ನೀನು ತೆಗೆದಿರಲಿಲ್ಲ. ತಪ್ಪು ಮಾತ್ರ ಸಿಗಲಿಲ್ಲ. ಬಸ್ಸು ಹತ್ತಿದೆ.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನೀನು ಕೆಂಪು ಬಣ್ಣದಲ್ಲಿ ಬಾಣದ ಗುರುತು ಬರೆದದ್ದು ನೆನಪಿದೆಯೇ? ರಸ್ತೆಯ ಎತ್ತರವನ್ನೆಲ್ಲ ಅಳೆಯಬೇಕಾದದ್ದು ಅದರಿಂದಲೇ. ಅಳಿಸಬೇಡಿ ಎಂದು ಪೂಜಾರಿ ಅಜ್ಜನಿಗೆ ನೀನೇ ಹೇಳಿಬಂದಿದ್ದೆ. ಅಳಿಸಲಿಲ್ಲ ಪುಣ್ಯಾತ್ಮ. ನೀನು ಹೋದ ಮೇಲೆ ಊರವರು ಕಟ್ಟೆಯನ್ನು ಎತ್ತರಿಸಿ ಇಳಕಲ್ಲಿನ ಗ್ರಾನೈಟ್ ಹಾಸಿದ್ದಾರೆ. ನಿನ್ನ ಗುರುತು ಕೆಳಗೆ ಮುಚ್ಚಿಹೋಗುತ್ತದಲ್ಲ ಎಂದು ಗಾಬರಿಯಾದ ಅಜ್ಜ, ಬಾಣದ ಮೊನೆಯೂ ಕೆಡದಂತೆ ಅದನ್ನು ಹೊಸ ಕಲ್ಲಿನ ಮೇಲೆ ಬರೆಸಿ, ಕುಂಕುಮ ಹಚ್ಚಿದ್ದಾನೆ. ಮೇಸ್ತ್ರಿ ಅದನ್ನೇ ನಂಬಿ ಅಳೆದಿದ್ದಾನೆ. ಕಟ್ಟೆ ಏರಿದಷ್ಟೂ ರಸ್ತೆ ಏರಿದೆ.

"ಆಕಿ ಅಂತೂ ಹೋದ್ಲು. ಆಕಿ ಬರದದ್ದಾದ್ರೂ ಉಳೀಲಿ ಅಂತ ಮಾಡೀನವಾ" ಅಂದ ಅಜ್ಜ. ಅವನಿಗೆ ನಾನು ಲೆವೆಲ್ಲಿನ ಶಾಸ್ತ್ರ ಹೇಳಲೇ? ಗುರುತಿಗೆ ಕೈಮುಗಿದು ಬಂದೆ. ಅದೊಂದು ಸಲ ನಟಿಸಲಿಲ್ಲ.

ಅಲ್ಲಿಂದ ಹಳ್ಳಕ್ಕೆ ಹೋದೆ. ಅಲ್ಲಿಯ ಗೂಟಗಳ ಮೇಲಿನ ಗೆರೆ, ಸಾಹೇಬರು ಇಳಿಸಿದ್ದ ಒಂದೂವರೆ ಅಡಿಯನ್ನು ಮರಳಿ ಏರಿ, ನೀನು ಮೊದಲು ಬೇಡಿದ್ದ ಎತ್ತರಕ್ಕೇ ಹೆಚ್ಚುಕಡಿಮೆ ಬಂದು ನಿಂತಿತ್ತು. ಊರೊಳಗಷ್ಟೇ ತಿದ್ದಿ ಇಲ್ಲಿ ಸುಮ್ಮನಿದ್ದುಬಿಟ್ಟರೆ? ನನ್ನ ಕಪಿಚೇಷ್ಟೆಗಳಿಗೆಲ್ಲ ಕಳಶವಾಗುತ್ತಿತ್ತು. ಆದರೆ ನಾಳೆ ಯಾರಾದರೂ ಅಳೆದು ನೋಡಿ ತಪ್ಪು ಅಂದರೆ, ಅದು ಯಾರ ತಲೆಗೆ ಬರುತ್ತದೆ? ಉತ್ತರ ಕೊಡಲು ನೀನೂ ಇಲ್ಲ. ಸಾಹೇಬರಿಗೇ ಫೋನು ಮಾಡಿ ಕಟ್ಟೆಯ ಕತೆ ಹೇಳಿ, ತಪ್ಪಾಗಿದೆ, ದಯಮಾಡಿಸಿ ನೋಡಬೇಕು ಅಂದೆ.

ಅವರು ಬಂದ ಮಧ್ಯಾಹ್ನ ಹಳ್ಳ ಬಂದಿತ್ತು. ಊರಿಗೆ ದಾಟುವ ಹಾಗೇ ಇರಲಿಲ್ಲ. ಗೂಟಗಳು ಕೆಂಪು ನೀರಲ್ಲಿ ನಡುಮಟ್ಟ ಮುಳುಗಿದ್ದವು, ಸುಣ್ಣದ ಗೆರೆ ಮಾತ್ರ ಒಣಗಿ ಬೆಳ್ಳಗಿತ್ತು. ತಾವು ಮಂಜೂರು ಮಾಡಿದ ರಸ್ತೆ ಸದ್ಯ ನೀರಿನ ಕೆಳಗಿದೆ, ಪೂಜಾರಿಯ ರಸ್ತೆ ಮೇಲಿದೆ ಎಂದು ಕೈಕಟ್ಟಿ ಬಿನ್ನವಿಸಿದೆ. ನಮ್ಮ ಪಕ್ಕದಲ್ಲೇ ಸಾಲಿಯಿಂದ ಬಂದ ಒಬ್ಬಳು ಹುಡುಗಿ ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ಆಚೆ ದಂಡೆಯಲ್ಲಿ ಅವಳವ್ವ. ನೀರಿನ ಸದ್ದಿಗೆ ಒಬ್ಬರ ಕೂಗು ಇನ್ನೊಬ್ಬರನ್ನು ಮುಟ್ಟುತ್ತಿರಲಿಲ್ಲ. ಸಾಹೇಬರು ಕನ್ನಡಕ ಏರಿಸಿ ಹುಡುಗಿಯನ್ನೂ ಆಚೆ ದಂಡೆಯನ್ನೂ ನೋಡಿದರು. ಕಾಗದದ ಮೇಲೆ ಎಷ್ಟು ತೋರಿಸಿದರೂ ಕಾಣದ್ದು ಅವರಿಗೆ ಅಲ್ಲಿ ಕಂಡಿತೋ ಏನೋ...

"ಊರಾಗ ಇಳಿಸ್ರಿ. ಇಲ್ಲಿ ಹಿಂಗ ಇರ್ಲಿ. ಪ್ರೊಫೈಲ್ ಹೊಸದಾಗಿ ಮಾಡಿ ತರ್ರಿ, ಸಹಿ ಮಾಡ್ತೀನಿ" ಅಂದರು.

ಆ ಪ್ರೊಫೈಲು ನೀನಿಲ್ಲದೆ ನಾನು ಮಾಡಿದ ಮೊದಲನೆಯದು. ಹಳ್ಳದ ಮೇಲೆ ಎತ್ತರ ಹಿಡಿದು, ಊರಿನ ಕಡೆಗೆ ಮೆಲ್ಲಗೆ ಇಳಿಸಬೇಕು. ಏರು ಇಳಿವುಗಳು ಕೂಡುವಲ್ಲಿ ಬಂಡಿಯಲ್ಲಿ ಕೂತ ಬಸುರಿಗೂ ಗೊತ್ತಾಗದಂತೆ ಬಾಗು ಕೊಡಬೇಕು ಅನ್ನುತ್ತಿದ್ದೆಯಲ್ಲ, ಅಲ್ಲೇ ತಪ್ಪುತ್ತಿತ್ತು. ‘ಚಿಗವ್ವಾ, ಇಲ್ಲಿ ನೋಡು’ ಎಂದು ಗಟ್ಟಿಯಾಗಿ ಅಂದು ಪಕ್ಕಕ್ಕೆ ತಿರುಗಿದೆ. ಕೆಳಗೆ ಟೈರ್ ಅಂಗಡಿಯವರು ಗಾಳಿ ತುಂಬುತ್ತಿದ್ದರು.

ಈಗ ಸುದ್ದಿ. ರಸ್ತೆ ಮುಗಿದಿದೆ. ಈ ವರ್ಷ ಏಳನೆಯ ತರಗತಿ ಮುಗಿಸಿದ ಹುಡುಗಿಯರಲ್ಲಿ ಒಬ್ಬಳೂ ಸಾಲಿ ಬಿಡಲಿಲ್ಲ. ಮೊನ್ನೆ ನಾನು ಆ ಊರಲ್ಲಿ ಮಾಮನ ಮನೆಯಲ್ಲಿದ್ದಾಗ, ರಣರಣ ಬಿಸಿಲಲ್ಲೇ ಹಳ್ಳ ಬಂತು. ಸದ್ದು ಕೇಳಿದ್ದೇ ಹೆಂಗಸರೆಲ್ಲ ರೂಢಿಯಂತೆ ದಂಡೆಗೆ ಓಡಿದರು. ನಿನ್ನವ್ವನೂ ಹೊರಟಳು, ನಾನು ಕೈ ಹಿಡಿದುಕೊಂಡೆ. ಕೊಳವೆಗಳಲ್ಲಿ ನೀರು ಗುದ್ದಾಡುತ್ತಿತ್ತು, ಮೇಲೆ ಹುಡುಗಿಯರು ಹರಟೆ ಹೊಡೆಯುತ್ತ ನಡೆದು ಬಂದರು. ಒಬ್ಬಳು ತನ್ನವ್ವನನ್ನು ನೋಡಿ ನೀ ಯಾಕ ಬಂದಿ ಎಂದು ಕೇಳಿದಳು. ಆಕೆ ನಾಚಿ ಮಗಳ ಚೀಲ ಇಸಿದುಕೊಂಡಳು. ಎಲ್ಲರೂ ಊರ ಕಡೆ ತಿರುಗಿದರು. ಅಜ್ಜಿ ಮಾತ್ರ ಕದಲಲಿಲ್ಲ. ನಡಿ ಅಜ್ಜಿ, ಎಲ್ಲಾರೂ ಬಂದ್ರಲ್ಲ ಅಂದೆ.

"ತಡಿಯವಾ" ಅಂದಳು, ಆಚೆ ದಂಡೆಯಿಂದ ಕಣ್ಣು ಕೀಳದೆ. "ನನ್ನಾಕಿ ಇನ್ನೂ ಬಂದಿಲ್ಲ."

ಅವಳನ್ನು ನಗಿಸಲು ನನಗೆ ಏನೂ ಹೊಳೆಯಲಿಲ್ಲ, ಚಿಗವ್ವಾ. ಪಕ್ಕದಲ್ಲಿ ನಿಂತೆ. ರಸ್ತೆ ಒಣಗಿತ್ತು, ಆ ತುದಿಯವರೆಗೂ ಕಾಣುತ್ತಿತ್ತು.