ಒಳಗಿನ ಅಂಕಿ ಮುಟ್ಟಬಾರದು

ಮಾರ್ಚ್ ೧೨, ಭಾನುವಾರ

ಮಗಳೇ,

ಆಶೀರ್ವಾದ ಮೊದಲು, ಜಗಳ ಆಮೇಲೆ. ನಿನ್ನ ಕಾಗದ ಬಂದು ತುಂಬ ದಿನವಾಯಿತು, ಉತ್ತರ ತಡವಾಯಿತೆಂದು ಬೇಜಾರಾಗಬೇಡ. ಶಾಲೆಯವರ ಯೂನಿಫಾರ್ಮ್ ಹೊಲಿಯುವುದು ರಾಶಿ ಬಿದ್ದಿತ್ತು. ಜೊತೆಗೆ ನಾನೀಗ ಕೆಮಿಸ್ಟ್ರಿ ಓದುತ್ತಿದ್ದೇನೆ. ನಗಬೇಡ, ನಿಜವಾಗಿಯೂ ಓದುತ್ತಿದ್ದೇನೆ.

ಪುಟ್ಟಿ ತಿಂಗಳ ಪರೀಕ್ಷೆಯಲ್ಲಿ ಅದೊಂದರಲ್ಲೇ ಫೇಲಾದಳು. "ನನ್ನ ತಲೆಗೆ ಹೋಗಲ್ಲ ಅಜ್ಜಿ, ಬಿಟ್ಬಿಡು" ಅಂದಳು. "ಹಾಗಾದ್ರೆ ಮೊದಲು ನನ್ನ ತಲೆಗೆ ತುಂಬು, ಅದೆಷ್ಟು ಕಷ್ಟ ನೋಡೋಣ" ಅಂದೆ. ಆವರ್ತಕ ಕೋಷ್ಟಕದ ದೊಡ್ಡ ಹಾಳೆಯನ್ನು ಹೊಲಿಗೆ ಮಷಿನ್ ಮೇಲಿನ ಗೋಡೆಗೆ ಅಂಟಿಸಿದ್ದೇವೆ. ನಾನು ಗುಂಡಿ ಹೊಲಿಯುತ್ತಾ ಒಂದು ಹೆಸರು ಕೂಗುತ್ತೇನೆ. ಅದು ಯಾವ ಗುಂಪು, ಹೊರಗಿನ ಸುತ್ತಿನಲ್ಲಿ ಎಷ್ಟು ಎಲೆಕ್ಟ್ರಾನ್ ಅಂತ ಅವಳು ಹೇಳಬೇಕು. ಸೋಡಿಯಂ ತನ್ನದೊಂದನ್ನು ಕೊಟ್ಟುಬಿಡಲು ಕಾದಿರುತ್ತದಂತೆ, ಕ್ಲೋರಿನ್ ಒಂದಕ್ಕಾಗಿ ಬಾಯಿಬಿಟ್ಟುಕೊಂಡು ಕೂತಿರುತ್ತದಂತೆ, ಎರಡೂ ಸೇರಿದರೆ ಅಡುಗೆ ಉಪ್ಪು. ಬಲತುದಿಯ ಸಾಲಿನವರು ಮಾತ್ರ ಯಾರ ಜೊತೆಗೂ ಸುಲಭಕ್ಕೆ ಬೆರೆಯುವುದಿಲ್ಲ, ಬಲು ಬಿಗುಮಾನ. ನನಗೆ ನಿನ್ನ ಅತ್ತೆಯವರ ನೆನಪಾಯಿತು.

ಮೊನ್ನೆ ಸಮೀಕರಣ ಸರಿದೂಗಿಸುವ ಲೆಕ್ಕ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗಬೇಕು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದೇ. ಪುಟ್ಟಿ ಜಾಣತನ ಮಾಡಿ, ನೀರಿನ ಸೂತ್ರದಲ್ಲಿ ಆಕ್ಸಿಜನ್ ಕಾಲಬುಡಕ್ಕೆ ಚಿಕ್ಕದಾಗಿ ಎರಡರ ಅಂಕಿ ಸೇರಿಸಿಬಿಟ್ಟಳು. ಎರಡೂ ಕಡೆ ಸಮವಾಯಿತು, ನಾನೂ ಭೇಷ್ ಅಂದೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಟ್ಯೂಷನ್ ಮೇಷ್ಟ್ರು ಅದನ್ನು ನೋಡಿ ಹಣೆ ಚಚ್ಚಿಕೊಂಡರು.

"ಅಜ್ಜಿ, ಮೊಮ್ಮಗಳು ಸೇರಿ ನೀರನ್ನೇ ಕೆಡಿಸಿದ್ರಲ್ಲಮ್ಮ. ಇದು ಗಾಯ ತೊಳೆಯೋ ನೊರೆ ಔಷಧಿ ಆಗೋಯ್ತು. ಒಳಗಿನ ಅಂಕಿ ಮುಟ್ಟಬಾರದು. ಬೇಕಾದ್ರೆ ಮುಂದುಗಡೆ ಹಾಕಿ, ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಎರಡು ನೀರು. ಲೆಕ್ಕ ಸರಿಹೋಗ್ಲಿ ಅಂತ ವಸ್ತುವನ್ನೇ ಬೇರೆ ಮಾಡೋಕಾಗುತ್ತಾ?"

ಅವರ ಪ್ಯಾಂಟ್ ಪುಕ್ಕಟೆ ಹೊಲಿದುಕೊಟ್ಟೆ. ನಿನ್ನ ಕಾಗದಕ್ಕೆ ಏನು ಬರೆಯಲೆಂದು ತಿಳಿಯದೆ ಒದ್ದಾಡುತ್ತಿದ್ದೆ, ನೋಡು, ಆವತ್ತು ತಿಳಿಯಿತು.

ಮರುಮದುವೆಯ ಹೊತ್ತಿನಲ್ಲಿ ನೀನು, ಹೆತ್ತ ಮಗಳು ಪುಟ್ಟಿಯನ್ನೇ ತಂಗಿ ಅಂತ ಆ ಮನೆಯವರಿಗೆ ಹೇಳಿದೆ. ಈಗ ಬರೆದಿದ್ದೀಯ: "ಪರೀಕ್ಷೆ ಮುಗಿದ ಮೇಲೆ ಅವಳನ್ನ ಇಲ್ಲಿಗೆ ಕಳಿಸಮ್ಮ, ಕಾಲೇಜಿಗೆ ಸೇರಿಸ್ತೀನಿ. ಆದ್ರೆ ತಂಗಿಯಾಗೇ ಇರಲಿ. ಇಲ್ಲಾಂದ್ರೆ ನನ್ನ ಸಂಸಾರ ಏರುಪೇರಾಗುತ್ತೆ." ಕಳಿಸುವುದಿಲ್ಲ. ನಿನ್ನ ಮನೆಯ ಲೆಕ್ಕ ಸರಿಹೋಗಲೆಂದು ನನ್ನ ಮೊಮ್ಮಗಳನ್ನು ತಿದ್ದಲು ನಾನು ಬಿಡುವುದಿಲ್ಲ. ಬೇಕಿದ್ದರೆ ನನ್ನ ಮೇಲೆ ಮುನಿಸಿಕೋ, ಕಾಗದ ಬರೆಯುವುದನ್ನೇ ನಿಲ್ಲಿಸು.

ನಿನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಮೊದಲ ಅಳಿಯ ತೀರಿಕೊಂಡಾಗ, ನಿನಗೆ ಇನ್ನೊಂದು ಮದುವೆ ಮಾಡಲು ನೆಂಟರನ್ನೆಲ್ಲ ಎದುರುಹಾಕಿಕೊಂಡವಳು ನಾನೇ. ನಿನ್ನ ಗಂಡ ಒಳ್ಳೆಯವರೆಂದು ನೀನೇ ಬರೆಯುತ್ತೀಯ. ಅಷ್ಟು ಒಳ್ಳೆಯವರಾದರೆ ಅವರಿಗೆ ನಿಜ ಹೇಳಲು ಯಾಕೆ ಹೆದರುತ್ತೀಯ? ಅವರನ್ನು ಜೊತೆಗೇ ಕರೆದುಕೊಂಡು ಬಾ. ಬಾಗಿಲಲ್ಲಿ ನಿಂತು "ನನ್ನ ಮಗಳು ಎಲ್ಲಿ" ಅಂತ ಕೇಳು. ಅವಳ ಬ್ಯಾಗನ್ನು ನಾನೇ ಹೊಲಿದು ಕೊಡುತ್ತೇನೆ. ಆಗದಿದ್ದರೆ ಇಲ್ಲೇ ಓದುತ್ತಾಳೆ. ಮಷಿನ್ ಗಟ್ಟಿಯಾಗಿದೆ, ತುಳಿಯುವ ಕಾಲೂ ಗಟ್ಟಿಯಾಗಿದೆ. ಈಗ ಸಮೀಕರಣಗಳನ್ನೂ ನನ್ನ ಸಹಾಯವಿಲ್ಲದೆ ಬಿಡಿಸುತ್ತಾಳೆ, ನಾನೇ ಹಿಂದೆ ಬಿದ್ದಿದ್ದೇನೆ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಧೈರ್ಯ ಬರಲಿ, ಅದೇ ನನ್ನ ಹರಕೆ.

ನಿನ್ನ ಅಮ್ಮ
(ಈ ಮಾತನ್ನು ನಾನು ಯಾರೆದುರಿಗೂ ಹೇಳಬಲ್ಲೆ)

ತಾ.ಕ.: ನಿನ್ನ ಕಾಗದವನ್ನು ಪುಟ್ಟಿ ಓದಿಬಿಟ್ಟಿದ್ದಾಳೆ. ನಿನ್ನೆ ಸಂಜೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಏನೋ ಬಾಯಿಪಾಠ ಮಾಡುತ್ತಿದ್ದಳು. ಕೋಷ್ಟಕದ ಹೆಸರುಗಳಿರಬೇಕೆಂದು ಬಾಗಿಲಿಗೆ ಕಿವಿಗೊಟ್ಟೆ. "ಅಕ್ಕಾ, ಚೆನ್ನಾಗಿದ್ದೀಯಾ ಅಕ್ಕಾ" ಅಂತ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದಳು. ನಡುವೆ ಒಮ್ಮೆ ಬಾಯಿತಪ್ಪಿ "ಅಮ್ಮಾ" ಅಂದಳು. ಆಮೇಲೆ "ಛೆ" ಅಂದು, ಮತ್ತೆ ಮೊದಲಿಂದ ಶುರು ಮಾಡಿದಳು.